ಹೂಳು ತುಂಬಿದ ಬಂದರಿನಲ್ಲಿ ಗುಡೇಕೋಟೆಯ ಓವರ್ಸಿಯರ್

ಟರ್ಕಿಯ ಪಡುವಣ ಕರಾವಳಿಯಲ್ಲಿ ಕುಶಾದಾಸಿ ಎಂಬ ಊರಿದೆ. ಏಜಿಯನ್ ಸಮುದ್ರದಲ್ಲಿ ಓಡಾಡುವ ದೊಡ್ಡ ಪ್ರವಾಸಿ ಹಡಗುಗಳು ಬೆಳಿಗ್ಗೆ ಅಲ್ಲಿಗೆ ಬಂದು ಸಂಜೆ ಹೊರಡುತ್ತವೆ. ಹಡಗಿಳಿಯುವವರಲ್ಲಿ ಬಹಳ ಮಂದಿಗೆ ಕುಶಾದಾಸಿಯಲ್ಲಿ ಕೆಲಸವಿಲ್ಲ; ಅವರು ಬಂದಿರುವುದು ಸುಮಾರು 20 ಕಿಲೋಮೀಟರ್ ಆಚೆಯ ಎಫೆಸಸ್ ನೋಡಲು. ರೋಮನ್ನರ ಕಾಲದಲ್ಲಿ ಎಫೆಸಸ್ ಅವರ ಏಷ್ಯಾ ಪ್ರಾಂತ್ಯದ ರಾಜಧಾನಿ. ಸರಕಿನ ಹಡಗು ಊರಿನ ಹೆದ್ದಾರಿಯ ತುದಿಗೇ ಬಂದು ನಿಲ್ಲುತ್ತಿತ್ತು. ಈಗ ಕಡಲು ಆ ಜಾಗದಿಂದ ಐದಾರು ಕಿಲೋಮೀಟರ್ ಹಿಂದಕ್ಕೆ ಸರಿದಿದೆ. ಹೀಗಾಗಿ ಒಂದು ಬಂದರು ನೋಡಲು ಹೊರಟವರು ಇನ್ನೊಂದು ಬಂದರಿನಲ್ಲಿಳಿದು ಬಸ್ಸು ಹತ್ತಬೇಕು.

ಹಡಗಿನ ಊಟದ ಮನೆಯಲ್ಲಿ ಈ ಸಂಗತಿ ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ಕಂಡದ್ದು ಗುಡೇಕೋಟೆಯ ಒಬ್ಬ ನಿವೃತ್ತ ಓವರ್ಸಿಯರಿಗೆ. ಸಣ್ಣ ನೀರಾವರಿ ಇಲಾಖೆಯಲ್ಲಿ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಸೀಮೆಯ ಕೆರೆಗಳ ಏರಿ, ತೂಬು, ಕೋಡಿ ಅಳೆಯುತ್ತ, ಎಂ.ಬಿ. ಪುಸ್ತಕ ಬರೆಯುತ್ತ ತಲೆ ಹಣ್ಣಾದವರು. ನೆದರ್ಲೆಂಡ್ಸಿನಲ್ಲಿರುವ ಮಗಳು–ಅಳಿಯ, ಕೊರೊನಾ ಬರುವುದಕ್ಕೆ ಮುಂಚಿನ ಒಂದು ಮೇ ತಿಂಗಳಲ್ಲಿ, ಅಪ್ಪ–ಅಮ್ಮನನ್ನು ಅಥೆನ್ಸಿನಿಂದ ಹೊರಡುವ ಹಡಗಿಗೆ ಹತ್ತಿಸಿಕೊಂಡಿದ್ದರು. ಹಡಗೆಂದರೆ ಹನ್ನೆರಡು ಅಂತಸ್ತಿನ ಕಲ್ಯಾಣ ಮಂಟಪ ಎಂದು ಓವರ್ಸಿಯರ್ ಈಗಲೂ ಹೇಳುತ್ತಾರೆ. ಮೂರು ಹೊತ್ತೂ ಪಂಕ್ತಿ, ಆದರೆ ಮದುವೆ ಯಾರದೆಂದು ಗೊತ್ತಾಗುವುದಿಲ್ಲ.

“ಆ ಊರ ಬಂದರಿಗೆ ಏನಾತು?” ಎಂದು ಅವರು ಅಳಿಯನನ್ನು ಕೇಳಿದರು. ಅಳಿಯ ಫೋನು ನೋಡಿ ಹೇಳಿದ: “ಹೂಳು ತುಂಬಿತಂತೆ ಮಾವ.”

ಆ ಮಾತು ಕೇಳಿದ ಮೇಲೆ ಅವರನ್ನು ಹಡಗಿನವರ ಪ್ರವಾಸಕ್ಕೆ ಸೇರಿಸುವುದು ಯಾರಿಂದಲೂ ಆಗಲಿಲ್ಲ. ಆ ಪ್ರವಾಸದ ಚೀಟಿಯಲ್ಲಿ ಎಲ್ಲವೂ ಅಚ್ಚಾಗಿತ್ತು: ಎಸಿ ಬಸ್ಸು, ಕಿವಿಗೆ ಸಿಕ್ಕಿಸುವ ಯಂತ್ರ, ಗ್ರಂಥಾಲಯದ ಮುಂದೆ ಫೋಟೊ, ಊಟ, ಕೊನೆಗೆ ಜಮಖಾನೆ ಅಂಗಡಿ. ಬಂದರಿನ ಹೆಸರು ಮಾತ್ರ ಇರಲಿಲ್ಲ. ಚೀಟಿಯ ಕೆಳಗಿದ್ದ ದರವನ್ನು ರೂಪಾಯಿಗೆ ಬದಲಿಸಿ ಲೆಕ್ಕ ಹಾಕಿದ ಅವರ ಹೆಂಡತಿ, ಕೊಟ್ಟೂರಿನ ಹೆಣ್ಣುಮಗಳು, “ಇಷ್ಟ್ ರೊಕ್ಕಕ್ಕ ಒಂದು ಎಮ್ಮಿ ಬರ್ತತಿ” ಎಂದು ತೀರ್ಪು ಕೊಟ್ಟರು. ಅಲ್ಲಿಗೆ ಇಬ್ಬರೇ ಹೋಗುವುದೆಂದು ನಿಶ್ಚಯವಾಯಿತು. ಮೊಮ್ಮಗುವಿಗೆ ಸ್ವಲ್ಪ ಮೈ ಬಿಸಿಯಿದ್ದುದರಿಂದ ಮಗಳು–ಅಳಿಯ ಹಡಗಿನಲ್ಲೇ ಉಳಿದರು. “ಅಪ್ಪಾಜಿ, ಅವರ ಬಸ್ಸು ತಡವಾದ್ರೆ ಹಡಗು ಕಾಯುತ್ತೆ, ನೀವು ತಡ ಮಾಡಿದ್ರೆ ಕಾಯಲ್ಲ” ಎಂದು ಮಗಳು ಎಚ್ಚರಿಸಿದಳು. ಇದು ನಿಜ. ತಾವಾಗಿಯೇ ಹೋದವರ ಹೊಣೆ ಹಡಗಿನದಲ್ಲ. ಹೊತ್ತು ಮೀರಿದರೆ ಮುಂದಿನ ಬಂದರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಡಗು ಹಿಡಿಯಬೇಕು. ತಾಯಿಯ ಚೀಲಕ್ಕೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ನೀರಿನ ಬಾಟ್ಲಿ ಸೇರಿದವು. ಅಳಿಯ ಒಂದು ಹಾಳೆಯ ಮೇಲೆ ಹೋಗುವ ದಾರಿ, ಬರುವ ದಾರಿ ಬರೆದುಕೊಟ್ಟ.

ಟರ್ಕಿಯಲ್ಲಿ ಊರಿಂದೂರಿಗೆ ಓಡುವ ಮಿನಿಬಸ್ಸಿಗೆ ದೊಲ್ಮುಶ್ ಎನ್ನುತ್ತಾರೆ. ಕೂಡ್ಲಿಗಿ ಕಡೆ ಕ್ರೂಸರ್ ಗಾಡಿ ಹತ್ತಿ ಗೊತ್ತಿರುವವರಿಗೆ ಅದರ ರೀತಿನೀತಿ ಬಿಡಿಸಿ ಹೇಳಬೇಕಿಲ್ಲ. ಕೈ ಮಾಡಿದಲ್ಲಿ ನಿಲ್ಲುತ್ತದೆ, ಹೇಳಿದಲ್ಲಿ ಇಳಿಸುತ್ತದೆ. ಹಿಂದೆ ಕೂತವರು ಕೊಟ್ಟ ದುಡ್ಡು ಕೈಯಿಂದ ಕೈಗೆ ದಾಟಿ ಚಾಲಕನನ್ನು ಮುಟ್ಟುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಒಂದು ಪೈಸೆ ಆಚೀಚೆ ಆಗುವುದಿಲ್ಲ. ಓವರ್ಸಿಯರ್ “ಎಫೆಸ್” ಎಂದರು, ಚಾಲಕ ತಲೆಯಾಡಿಸಿದ. ಸೆಲ್ಚುಕ್ ಊರಿಗೆ ಹೋಗುವ ಆ ಗಾಡಿ ಕಡಲ ದಂಡೆ ಬಿಟ್ಟು ಒಳನಾಡಿಗೆ ತಿರುಗಿದ ಮೇಲೆ ನೆಲ ತಟ್ಟೆಯಂತೆ ಸಮನಾಯಿತು. ಎರಡೂ ಕಡೆ ಹಣ್ಣಿನ ತೋಟ, ಹತ್ತಿ ಹೊಲ. ಅವರು ಕಿಟಕಿಯಿಂದ ಮಣ್ಣು ನೋಡುತ್ತಿದ್ದರು. ಬಂಡೆಯಿಲ್ಲ, ಗರಸಿಲ್ಲ, ಒಂದೇ ಬಣ್ಣದ ನಯವಾದ ಮಣ್ಣು. ಎಫೆಸಸ್ಸಿನ ಕೆಳಗಿನ ಬಾಗಿಲಿಗೆ ಹೋಗುವ ಕವಲಿನಲ್ಲಿ ಚಾಲಕ ಇಳಿಸಿದಾಗ ಅವರು ಮೊದಲು ಮಾಡಿದ್ದು ರಸ್ತೆ ಬದಿಯ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿ ಮಾಡಿ ನೋಡಿದ್ದು. “ಗೋಡು” ಎಂದರು. ಕೆರೆಯಂಗಳದಿಂದ ಬೇಸಿಗೆಯಲ್ಲಿ ರೈತರು ಹೊಲಕ್ಕೆ ಹೊಡೆಯುವ ಅದೇ ಮಣ್ಣು.

ಎಫೆಸಸ್ಸಿಗೆ ಎರಡು ಬಾಗಿಲು. ಪ್ರವಾಸದ ಬಸ್ಸುಗಳು ಜನರನ್ನು ಗುಡ್ಡದ ಮೇಲಿನ ಬಾಗಿಲಲ್ಲಿ ಇಳಿಸಿ, ಇಳಿಜಾರಿನಲ್ಲಿ ನಡೆಸಿಕೊಂಡು ಬಂದು, ಕೆಳಗಿನ ಬಾಗಿಲಲ್ಲಿ ಹತ್ತಿಸಿಕೊಳ್ಳುತ್ತವೆ. ಮೊಣಕಾಲಿಗೆ ಒಳ್ಳೆಯದು. ಆದರೆ ಬಂದರಿರುವುದು ಕೆಳಗೆ. ಕೆಳಗಿನ ಬಾಗಿಲಿಂದ ಒಳಗೆ ಹೋದರೆ ಮೊದಲು ಎದುರಾಗುವುದು ದೊಡ್ಡ ರಂಗಮಂದಿರ: ಗುಡ್ಡದ ಮೈಯನ್ನೇ ಕಡಿದು ಮಾಡಿದ, ಸುಮಾರು 25,000 ಜನ ಹಿಡಿಸುತ್ತಿತ್ತೆನ್ನುವ ಕಲ್ಲಿನ ಮೆಟ್ಟಿಲುಸಾಲು. ಸಂತ ಪೌಲನ ಮಾತಿನಿಂದ ತಮ್ಮ ಆರ್ಟೆಮಿಸ್ ದೇವಿಯ ಬೆಳ್ಳಿಯ ಪುಟ್ಟ ಗುಡಿಗಳ ವ್ಯಾಪಾರ ಕೆಡುತ್ತದೆಂದು ಅಕ್ಕಸಾಲಿಗರು ಗಲಾಟೆ ಎಬ್ಬಿಸಿ, ಜನರೆಲ್ಲ ನುಗ್ಗಿ ಸೇರಿದ್ದು ಇಲ್ಲೇ ಎಂದು ಬೈಬಲ್ಲಿನ ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಗಂಡ–ಹೆಂಡತಿ ನಿಧಾನಕ್ಕೆ ಮೇಲಿನ ಸಾಲಿನ ತನಕ ಹತ್ತಿದರು. ಗುಡೇಕೋಟೆಯ ಬಂಡೆ ಹತ್ತಿದವರಿಗೆ ಮೆಟ್ಟಿಲಿರುವ ಗುಡ್ಡ ಕಷ್ಟವಲ್ಲ.

ಮೇಲಿಂದ ಎಲ್ಲ ಬಿಡಿಸಿಟ್ಟ ನಕ್ಷೆಯಾಗಿ ಕಂಡಿತು. ರಂಗಮಂದಿರದ ಬುಡದಿಂದ ಅಮೃತಶಿಲೆ ಹಾಸಿದ ಅಗಲವಾದ ಬೀದಿಯೊಂದು, ಇಕ್ಕೆಲದಲ್ಲೂ ಮುರಿದ ಕಂಬಗಳ ನಡುವೆ, ಅರ್ಧ ಕಿಲೋಮೀಟರ್ ನೇರವಾಗಿ ಹೋಗಿ ಜೊಂಡಿನೊಳಗೆ ನುಗ್ಗಿ ನಿಂತಿದೆ. ಅದೇ ಬಂದರು ಬೀದಿ. ಕ್ರಿ.ಶ. 395ರಿಂದ 408ರ ತನಕ ಆಳಿದ ಆರ್ಕಾಡಿಯಸ್ ಚಕ್ರವರ್ತಿಯ ಹೆಸರಲ್ಲಿ ಅದಕ್ಕೆ ಆರ್ಕಾಡಿಯಾನೆ ಎಂದೂ ಕರೆಯುತ್ತಾರೆ. ರಾತ್ರಿ ದೀಪ ಉರಿಯುತ್ತಿದ್ದ ಅಪರೂಪದ ಪ್ರಾಚೀನ ಬೀದಿಗಳಲ್ಲಿ ಒಂದು. ಅದರ ತುದಿಯ ಜೌಗಿನಾಚೆ ಹೊಲ, ಹೊಲದಾಚೆ ಮಬ್ಬು ಗೆರೆಯಾಗಿ ಕಡಲು.

ಕೆಳಗಿಳಿದ ಮೇಲೆ ಎಲ್ಲರೂ ಎಡಕ್ಕೆ, ಗ್ರಂಥಾಲಯದ ಕಡೆ ಹೊರಟರು. ಇವರಿಬ್ಬರು ಬಲಕ್ಕೆ ಹೊರಳಿ, ಬಂದರು ಬೀದಿಯಲ್ಲಿ ಹೋಗಲು ಬಿಟ್ಟಷ್ಟು ದೂರ ಹೋದರು. ಅಲ್ಲಿ ಒಂದು ಕಂಬದ ಬುಡದಲ್ಲಿ ಕೂತು ರೊಟ್ಟಿ ಬಿಚ್ಚಿದರು. ಬಾಲ ಎತ್ತಿಕೊಂಡು ಬಂದ ಬೆಕ್ಕು ಚಟ್ನಿಪುಡಿ ಮೂಸಿ ದೂರ ಹೋಯಿತು. ಓವರ್ಸಿಯರ್ ಜೊಂಡನ್ನೇ ನೋಡುತ್ತಿದ್ದರು. ಸುಮಾರು ಹೊತ್ತಾದ ಮೇಲೆ ಹೆಂಡತಿ ಕೇಳಿದರು: “ಅಲ್ರೀ, ಇಷ್ಟ್ ದೂರ ಬಂದು ಆಪು ನೋಡಿಕೋತ ಕುಂತೀರಲ್ಲ, ನಮ್ಮ ಕೆರ್‍ಯಾಗ ಇದು ಇಲ್ಲೇನು?”

ಆ ಜೊಂಡಿನ ಹಿಂದೆ ಒಂದು ದೊಡ್ಡ ಕಡತವಿದೆ. ಓವರ್ಸಿಯರ್ ಅದನ್ನು ಆಮೇಲೆ ಮಗಳ ಮನೆಯಲ್ಲಿ ಕೂತು, ಅವಳು ತಂದುಕೊಟ್ಟ ಪುಸ್ತಕಗಳಲ್ಲಿ ಹುಡುಕಿ ಹುಡುಕಿ ಓದಿದರು. ಇಂದಿನ ಹೆಸರಲ್ಲಿ ಕುಚುಕ್ ಮೆಂದೆರೆಸ್, ಅಂದಿನ ಹೆಸರಲ್ಲಿ ಕೈಸ್ಟರ್ ಎನ್ನುವ ನದಿ ಮೇಲಿನ ಗುಡ್ಡಗಳ ಮಣ್ಣನ್ನು ಹೊತ್ತು ತಂದು ಈ ಕೊಲ್ಲಿಗೆ ಸುರಿಯುತ್ತಿತ್ತು. ಊರಿನವರು ನೂರಾರು ವರ್ಷ ಅದರ ಜೊತೆ ಗುದ್ದಾಡಿದರು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಪೆರ್ಗಮಮ್‌ನ ಅರಸು ಎರಡನೆಯ ಅಟ್ಟಾಲಸ್, ಬಂದರಿನ ಬಾಯಿ ಕಿರಿದು ಮಾಡಿದರೆ ಒಳಗೆ ಆಳ ಹೆಚ್ಚಿ ದೊಡ್ಡ ಹಡಗು ಬರಬಹುದೆಂದು ನಂಬಿ, ಬಾಯಿಗೆ ಅಡ್ಡಗೋಡೆ ಹಾಕಿಸಿದ. ಆದದ್ದು ಉಲ್ಟಾ. ಅಲ್ಲಿಯ ತನಕ ಕಡಲಿನ ಏರಿಳಿತವೇ ಹೂಳನ್ನು ಹೊರಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಗೋಡೆ ಬಂದ ಮೇಲೆ ಹೂಳು ಒಳಗೇ ನಿಂತು, ಬಂದರು ಮೊದಲಿಗಿಂತ ಆಳ ಕಳೆದುಕೊಂಡಿತು. ಇದನ್ನು ಬರೆದಿಟ್ಟವನು ಭೂಗೋಳಕಾರ ಸ್ಟ್ರಾಬೊ. ಅರಸು ಮತ್ತು ಅವನ ಎಂಜಿನಿಯರು ಇಬ್ಬರೂ ಮೋಸಹೋದರು ಎನ್ನುವ ಧಾಟಿ ಅವನದು. ಓವರ್ಸಿಯರಿಗೆ ಅಷ್ಟು ಸುಲಭಕ್ಕೆ ಒಪ್ಪಿಗೆಯಿಲ್ಲ. “ಎಸ್ಟಿಮೇಟ್ ಮಾಡಿದವನು ತಪ್ಪು ಅಂತ ಹೇಳಿರ್‍ತಾನೆ. ಮೇಲಿನವರು ಸಹಿ ಹಾಕಿಸಿಕೊಂಡಿರ್‍ತಾರೆ” ಎನ್ನುತ್ತಾರೆ. ಇದಕ್ಕೆ ಆಧಾರವಿಲ್ಲ, ಅನುಭವವಿದೆ.

ಆಮೇಲಿನದು ಹೂಳೆತ್ತುವ ಕಥೆ. ನೀರೊ ಚಕ್ರವರ್ತಿಯ ಕಾಲದಲ್ಲಿ ಪ್ರಾಂತ್ಯಾಧಿಕಾರಿಯಾಗಿದ್ದ ಬರಿಯಾ ಸೊರಾನಸ್ ಬಂದರನ್ನು ತೆರವು ಮಾಡಿಸಿದ್ದನ್ನು ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಕ್ರಿ.ಶ. 129ರ ಒಂದು ಶಾಸನ, ಹಡ್ರಿಯನ್ ಚಕ್ರವರ್ತಿ ನದಿಯನ್ನೇ ಬೇರೆ ಕಡೆ ತಿರುಗಿಸಿ ಬಂದರನ್ನು ಹಡಗು ಓಡಾಡುವಂತೆ ಮಾಡಿದನೆಂದು ಹೊಗಳುತ್ತದೆ. ಎಲ್ಲಕ್ಕಿಂತ ಓವರ್ಸಿಯರಿಗೆ ಹಿಡಿಸಿದ್ದು ಎರಡನೆಯ ಶತಮಾನದ ಇನ್ನೊಬ್ಬ ಪ್ರಾಂತ್ಯಾಧಿಕಾರಿ ಲೂಸಿಯಸ್ ಆಂಟೋನಿಯಸ್ ಆಲ್ಬಸ್ ಹೊರಡಿಸಿದ ಹುಕುಂ. ಮರದ ವ್ಯಾಪಾರಿಗಳು ಕಟ್ಟೆಯ ಮೇಲೆ ದಿಮ್ಮಿ ಪೇರಿಸಬಾರದು, ಭಾರಕ್ಕೆ ಕಟ್ಟೆ ಕುಸಿಯುತ್ತದೆ. ಕಲ್ಲು ಕೊಯ್ಯುವವರು ದಡದಲ್ಲಿ ಕಲ್ಲು ಕೊಯ್ದು ಅದರ ಪುಡಿಯನ್ನು ನೀರಿಗೆ ಬಿಡಬಾರದು, ಬಂದರು ತುಂಬುತ್ತದೆ. ಮೊದಲೂ ಹೇಳಿದ್ದೆವು, ಕೇಳಲಿಲ್ಲ, ಇನ್ನು ದಂಡ. ಕಾಲುವೆಗೆ ಗ್ರಾನೈಟ್ ಪಾಲಿಷಿನ ರಾಡಿ ಬಿಡುವವರಿಗೆ ನೋಟಿಸು ಕೊಟ್ಟು ಕೊಟ್ಟು ಸೋತವರಿಗೆ ಆ ಹುಕುಮು ತಮ್ಮದೇ ಕಚೇರಿಯ ನಕಲಿನಂತೆ ಕಂಡದ್ದರಲ್ಲಿ ಆಶ್ಚರ್ಯವೇನು!

ಪ್ರವಾಸದ ಗುಂಪಿನಲ್ಲಿ ಹೋಗಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಅಲ್ಲಿ ಕಿವಿಗೆ ಸಿಕ್ಕಿಸಿದ ಯಂತ್ರ ಹೇಳಿದ ಕಡೆ ತಲೆ ತಿರುಗಿಸಬೇಕು. ತಮ್ಮಷ್ಟಕ್ಕೆ ಹೋದವರು ಒಂದು ಜೊಂಡಿನ ಮುಂದೆ ಗಂಟೆಗಟ್ಟಲೆ ಕೂರಬಹುದು. ಯಾರೂ ಕೊಡೆ ಎತ್ತಿ ಮುಂದೆ ನಡೆಯುವುದಿಲ್ಲ.

ಪಾಳುಗಳಲ್ಲಿ ಹೀಗೆ ಹೊತ್ತು ಕಳೆಯುವುದು ಓವರ್ಸಿಯರಿಗೆ ಹುಟ್ಟೂರು ಹಾಕಿದ ಅಭ್ಯಾಸ. ಬಳ್ಳಾರಿ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದರ ಆಸುಪಾಸಿನಲ್ಲಿ ಹುಟ್ಟಿದವರು ಅವರು. ಗುಡೇಕೋಟೆ ಅಂದರೆ ಎಲ್ಲಿ ನೋಡಿದರೂ ಬಂಡೆ. ದುಂಡು ಬಂಡೆ, ಸೀಳು ಬಂಡೆ, ಒಂದರ ಮೇಲೊಂದು ನಿಂತ ಬಂಡೆ. ಪಾಳೇಗಾರರು ಆ ಬಂಡೆಗಳನ್ನು ಕೆಡವದೆ, ಒಂದರಿಂದ ಇನ್ನೊಂದಕ್ಕೆ ಗೋಡೆ ಹಾಯಿಸಿ ಕೋಟೆ ಮಾಡಿಕೊಂಡರು. ಅರ್ಧ ಕೋಟೆಯನ್ನು ಪ್ರಕೃತಿ ಕಟ್ಟಿತ್ತು, ಉಳಿದರ್ಧಕ್ಕಷ್ಟೇ ಕೂಲಿ. ಹುಡುಗರಿಗೆ ಅದು ಪಾಳು ಎಂದೇ ಗೊತ್ತಿರಲಿಲ್ಲ. ಆಡು ಮೇಯಿಸುವ ಜಾಗ, ಸೀತಾಫಲ ಹುಡುಕುವ ಜಾಗ, ಮಳೆ ಬಂದ ಮೇಲೆ ಬಂಡೆಯ ದೊಣೆಯಲ್ಲಿ ನಿಂತ ನೀರು ಎಷ್ಟು ದಿನ ಉಳಿಯುತ್ತದೆಂದು ಪಂಥ ಕಟ್ಟುವ ಜಾಗ. ಸಂಜೆಯಾದರೆ ಕರಡಿಯ ಭಯಕ್ಕೆ ಎಲ್ಲರೂ ಇಳಿಯುತ್ತಿದ್ದರು. ಸಂಡೂರು ಕಡೆಯ ದರೋಜಿಯಂತೆ ಗುಡೇಕೋಟೆಯ ಕಾಡೂ ಈಗ ಕರಡಿಧಾಮ.

ಇತಿಹಾಸ ಅವರಿಗೆ ಬಂದದ್ದು ಪಠ್ಯದಿಂದಲ್ಲ, ಟಾಕೀಸಿನಿಂದ. ಚಿತ್ರದುರ್ಗದ ಓಬವ್ವನ ತವರು ಗುಡೇಕೋಟೆ ಎಂಬುದು ಈ ಸೀಮೆಯವರ ನಂಬಿಕೆ. 1972ರಲ್ಲಿ ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಬಂದು, ಅದರಲ್ಲಿ ಜಯಂತಿ ಓಬವ್ವನಾಗಿ ಒನಕೆ ಎತ್ತಿದ ಮೇಲೆ, ಬೇರೆ ಊರಿನವರೂ ಗುಡೇಕೋಟೆಯ ಹೆಸರು ಕೇಳಿ ಹುಬ್ಬೇರಿಸತೊಡಗಿದರು. ಹೈದರಾಲಿ 1779ರಲ್ಲಿ ದುರ್ಗವನ್ನು ಗೆದ್ದದ್ದು, ಟಿಪ್ಪು ಬಿದ್ದ ಮೇಲೆ ಈ ಸೀಮೆ ನಿಜಾಮನ ಪಾಲಾಗಿ, 1800ರಲ್ಲಿ ಅವನು ಅದನ್ನು ಕಂಪನಿಗೆ ಬಿಟ್ಟುಕೊಟ್ಟದ್ದು, ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಪಾಳೇಗಾರರ ಹಲ್ಲು ಕಿತ್ತದ್ದು, ಇವೆಲ್ಲ ನೌಕರಿಗೆ ಸೇರಿದ ಮೇಲೆ ತಾಲ್ಲೂಕು ಕಚೇರಿಯ ಹಳೇ ಕಾಗದ, ಗೆಜೆಟಿಯರು ತಿರುವಿ ತಿಳಿದದ್ದು. ಕೋಟೆಗಳು ಯುದ್ಧದಲ್ಲಿ ಬೀಳುತ್ತವೆಂದು ಹುಡುಗನಾಗಿ ನಂಬಿದ್ದರು. ಕಾಗದ ಓದಿದ ಮೇಲೆ, ಕಂದಾಯ ವಸೂಲಿಯ ಹಕ್ಕು ಹೋದ ದಿನವೇ ಕೋಟೆ ಪಾಳಾಗಲು ಶುರುವಾಗುತ್ತದೆ ಎಂದು ತೋರಿತು. ಎಫೆಸಸ್ಸನ್ನೂ ಗೋಥರು ದೋಚಿದರು, ಭೂಕಂಪ ಕೆಡವಿತು, ಆದರೂ ಜನ ಮತ್ತೆ ಮತ್ತೆ ಕಟ್ಟಿದರು. ಹಡಗು ಬರುವುದು ನಿಂತ ಮೇಲೆ ಮಾತ್ರ ಕಟ್ಟಲು ಯಾರಿಗೂ ಕಾರಣ ಉಳಿಯಲಿಲ್ಲ.

ಗ್ರಂಥಾಲಯವನ್ನೂ ನೋಡಿದರು, ಬಿಡಲಿಲ್ಲ. ಸೆಲ್ಸಸ್ ಎಂಬ ಅಧಿಕಾರಿಯ ನೆನಪಿಗೆ ಅವನ ಮಗ ಎರಡನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಅಪ್ಪನ ಸಮಾಧಿ ಅದರ ಕೆಳಗೇ ಇದೆ. ಸುರುಳಿ ಪುಸ್ತಕಗಳು 12,000 ಇದ್ದವಂತೆ. ಈಗ ಫೋಟೊಗಳಲ್ಲಿ ಕಾಣುವ ಎರಡಂತಸ್ತಿನ ಮುಖವನ್ನು ಬಿದ್ದ ಕಲ್ಲುಗಳಿಂದ ಮತ್ತೆ ನಿಲ್ಲಿಸಿದ್ದು 1970ರ ದಶಕದಲ್ಲಿ, ಆಸ್ಟ್ರಿಯಾದ ಪುರಾತತ್ವಜ್ಞರು. ಗೂಡುಗಳಲ್ಲಿರುವ ನಾಲ್ಕು ಹೆಣ್ಣು ವಿಗ್ರಹಗಳು ನಕಲು, ಅಸಲು ವಿಯೆನ್ನಾದಲ್ಲಿವೆ. ಅದು ತಿಳಿದ ಮೇಲೆ ಹೆಂಡತಿಯವರು ಫೋಟೊ ತೆಗೆಸಿಕೊಳ್ಳುವ ಉತ್ಸಾಹ ಕಳೆದುಕೊಂಡರು. ಜನಜಾತ್ರೆ. ಬೇಗ ಹೊರಟರು.

ಅವರನ್ನು ಹಿಡಿದು ನಿಲ್ಲಿಸಿದ್ದು ನೆಲದಡಿಯ ಕೆಲಸ. ಅಮೃತಶಿಲೆಯ ಬೀದಿಯ ಕೆಳಗೆ ಆಳೆತ್ತರದ ಚರಂಡಿ. ಗೋಡೆಯ ಬದಿಯಲ್ಲಿ ಸಾಲಾಗಿ ಕೂಡಿಸಿದ ಸುಟ್ಟ ಮಣ್ಣಿನ ಕೊಳವೆಗಳು, ಒಂದರ ಬಾಯಿಗೆ ಇನ್ನೊಂದರ ಮೂತಿ. ದೂರದ ಊಟೆಗಳಿಂದ ಮೇಲ್ಗಾಲುವೆಯಲ್ಲಿ ಬಂದ ನೀರು ಈ ಕೊಳವೆಗಳಲ್ಲಿ ಕಾರಂಜಿಗೆ, ಸ್ನಾನದ ಮನೆಗೆ, ಸಾಲು ಶೌಚಾಲಯಕ್ಕೆ ಹಂಚಿಹೋಗುತ್ತಿತ್ತು. ಹಂಪಿಯಲ್ಲಿ ಕಂಡ ಮಣ್ಣಿನ ಕೊಳವೆಗಳು ಅವರಿಗೆ ನೆನಪಾದವು. ಚರಂಡಿಯ ಬಗ್ಗೆ ಸ್ಟ್ರಾಬೊ ಒಂದು ಕಿಡಿಗೇಡಿ ಕಥೆಯನ್ನೂ ಹೇಳಿದ್ದಾನೆ: ಅಲೆಕ್ಸಾಂಡರನ ನಂತರ ಆಳಿದ ಲೈಸಿಮ್ಯಾಕಸ್ ಊರನ್ನು ಹೊಸ ಜಾಗಕ್ಕೆ ಸಾಗಿಸಲು ನಿರ್ಧರಿಸಿದಾಗ ಜನ ಕದಲಲಿಲ್ಲ. ಜೋರು ಮಳೆ ಬರುವ ತನಕ ಕಾದು, ಹಳೇ ಊರಿನ ಚರಂಡಿಗಳ ಬಾಯಿ ಮುಚ್ಚಿಸಿಬಿಟ್ಟ. ಊರು ಮುಳುಗಿತು, ಜನ ತಾವಾಗಿಯೇ ಹೊಸ ಊರಿಗೆ ನಡೆದರು. ಪುನರ್ವಸತಿ ಅಧಿಕಾರಿಗಳಿಗೆ ಈ ಕಥೆ ಹೇಳಬಾರದು ಎನ್ನುತ್ತಾರೆ ಓವರ್ಸಿಯರ್. ತುಂಗಭದ್ರಾ ಜಲಾಶಯಕ್ಕೆ ಊರು ಕಳಕೊಂಡವರ ಮಕ್ಕಳು ಅವರ ಸಹೋದ್ಯೋಗಿಗಳಾಗಿದ್ದರು.

ಒಂದು ಮೆಟ್ಟಿಲಿನ ಮೇಲೆ ಹೆಂಡತಿ ಗಕ್ಕನೆ ನಿಂತರು. ಕಲ್ಲಿನಲ್ಲಿ ಗೆರೆ ಕೊರೆದ ಆಟದ ಮನೆ! ಎಫೆಸಸ್ಸಿನ ಹಾಸುಗಲ್ಲುಗಳ ಮೇಲೆ ಅಂಥವು ಹಲವು ಇವೆ. ನಮ್ಮ ಗುಡಿಗಳ ಜಗಲಿಯಲ್ಲಿ ಹುಲಿಕಟ್ಟು, ಚೌಕಾಬಾರದ ಮನೆ ಕೊರೆದಿರುವಂತೆಯೇ. ಅವರು ಸೆರಗು ಸಿಕ್ಕಿಸಿ ಕೂತು, ನಾಲ್ಕು ಬೆಣಚುಕಲ್ಲು ಆರಿಸಿ, ಇದನ್ನು ಹೀಗೇ ಆಡಿರಬೇಕೆಂದು ತಮ್ಮದೇ ಒಂದು ನಿಯಮ ಮಾಡಿ ನಡೆಸಿದರು. ಹಾದುಹೋಗುತ್ತಿದ್ದ ಇಬ್ಬರು ಜಪಾನಿ ಹುಡುಗಿಯರು ಪಕ್ಕದಲ್ಲಿ ಕೂತು ನೋಡಿದರು. ಭಾಷೆ ಬೇಕಾಗಲಿಲ್ಲ, ಒಬ್ಬಳು ಗೆದ್ದೂ ಬಿಟ್ಟಳು.

ಗುಡೇಕೋಟೆಗೂ ಈ ಊರಿಗೂ ಸಂಬಂಧವೇ ಇಲ್ಲವೆಂದು ಹೇಳಿದರೆ ಓವರ್ಸಿಯರ್ ಎರಡು ದಾಖಲೆ ಮುಂದಿಡುತ್ತಾರೆ. ಒಂದು ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿ. ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ 1947ರಲ್ಲಿ ಬ್ರಹ್ಮಗಿರಿಯ ಜೊತೆ ಅಗೆಸಿದ ಆ ಜಾಗದಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿವೆ. ಎಫೆಸಸ್ಸಿನ ಗ್ರಂಥಾಲಯದ ಪಕ್ಕದಲ್ಲಿರುವ ಮೂರು ಕಮಾನಿನ ಬಾಗಿಲು ಅದೇ ಅಗಸ್ಟಸನ ಮನೆತನದ ಗೌರವಕ್ಕೆ, ಗುಲಾಮಗಿರಿಯಿಂದ ಬಿಡುಗಡೆಯಾದ ಇಬ್ಬರು ಕಟ್ಟಿಸಿದ್ದು. ಇನ್ನೊಂದು ದಾಖಲೆ ಇನ್ನೂ ಹಳೆಯದು. ಗುತ್ತಿಯ ಹತ್ತಿರದ ಎರ್ರಗುಡಿಯ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕೂ ದೊಡ್ಡ ಶಾಸನಗಳಿವೆ. ಅವುಗಳಲ್ಲಿ ಹೆಸರು ಬರುವ ಯವನ ರಾಜ ಅಂತಿಯೋಕ ಎಂದರೆ ಎರಡನೆಯ ಆಂಟಿಯೋಕಸ್ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ಆ ಆಂಟಿಯೋಕಸ್ ಕ್ರಿ.ಪೂ. 246ರಲ್ಲಿ ಸತ್ತದ್ದು ಎಫೆಸಸ್ಸಿನಲ್ಲಿ. ಬಿಟ್ಟ ಹೆಂಡತಿ ವಿಷ ಹಾಕಿದಳೆಂಬ ಮಾತೂ ಇದೆ. ನಮ್ಮ ಸೀಮೆಯ ಬಂಡೆಯ ಮೇಲೆ ಹೆಸರು ಕೊರೆಸಿಕೊಂಡವನು ಈ ಕಣಿವೆಯಲ್ಲಿ ಕಣ್ಣು ಮುಚ್ಚಿದ ಎನ್ನುವುದು ಯಾವ ಪ್ರವಾಸ ಚೀಟಿಯಲ್ಲೂ ಇಲ್ಲದ ಸಂಗತಿ.

ಹೊತ್ತು ಇನ್ನೂ ಇತ್ತು. ಸೆಲ್ಚುಕ್ ಕಡೆಗೆ ಹೋಗಿ ಆರ್ಟೆಮಿಸ್ ದೇವಿಯ ಗುಡಿಯನ್ನೂ ನೋಡಿದರು. ಲೋಕದ ಏಳು ಅದ್ಭುತಗಳಲ್ಲಿ ಒಂದೆನಿಸಿದ್ದ ಗುಡಿ. ರೋಮಿನ ಲೇಖಕ ಪ್ಲಿನಿಯ ಲೆಕ್ಕದಲ್ಲಿ 425 ಅಡಿ ಉದ್ದ, 225 ಅಡಿ ಅಗಲ, 127 ಕಂಬ. ಈಗ ಇರುವುದು ಒಂದು ಕಂಬ, ಅದೂ ಅಲ್ಲಿ ಇಲ್ಲಿ ಸಿಕ್ಕ ತುಂಡುಗಳನ್ನು ಪೇರಿಸಿ ನಿಲ್ಲಿಸಿದ್ದು. ತುದಿಯಲ್ಲಿ ಕೊಕ್ಕರೆ ಗೂಡು ಕಟ್ಟಿತ್ತು. ಸುತ್ತ ನೀರು ನಿಂತ ಹಳ್ಳ, ಬಾತುಕೋಳಿ, ಆಮೆ. ಟಿಕೆಟ್ಟಿಲ್ಲ. ಬಹಳ ಜನಕ್ಕೆ ಇಲ್ಲಿ ನಿರಾಸೆಯಾಗುತ್ತದೆ. ಓವರ್ಸಿಯರಿಗೆ ಆ ದಿನದ ಅತ್ಯಂತ ಒಳ್ಳೆಯ ಜಾಗ ಇದೇ ಆಯಿತು, ಕಾರಣ ಅದನ್ನು ಹುಡುಕಿದ ಬಗೆ.

ಹುಡುಕಿದವನು ಜಾನ್ ಟರ್ಟಲ್ ವುಡ್ ಎಂಬ ಇಂಗ್ಲಿಷಿನವನು. ಬಂದದ್ದು ರೈಲ್ವೆ ಕೆಲಸಕ್ಕೆ, ಇಜ್ಮೀರ್–ಆಯ್ದಿನ್ ಮಾರ್ಗದ ಸ್ಟೇಷನ್ ಕಟ್ಟಡಗಳ ನಕ್ಷೆ ಬರೆಯಲು. ಗುಡಿಯ ಹುಚ್ಚು ಹತ್ತಿ, ಬ್ರಿಟಿಷ್ ಮ್ಯೂಸಿಯಮ್ಮಿನ ನೆರವಿನಿಂದ 1863ರಲ್ಲಿ ಅಗೆಯಲು ಶುರು ಮಾಡಿದ. ವರ್ಷಗಟ್ಟಲೆ ತೋಡಿದರೂ ಏನೂ ಇಲ್ಲ. ಕಡೆಗೆ ರಂಗಮಂದಿರದಲ್ಲಿ ಕ್ರಿ.ಶ. 104ರ ಒಂದು ಶಾಸನ ಸಿಕ್ಕಿತು. ಸಲೂಟಾರಿಸ್ ಎಂಬ ಶ್ರೀಮಂತ ದೇವಿಗೆ ಬೆಳ್ಳಿ–ಬಂಗಾರದ ಮೂರ್ತಿಗಳನ್ನು ಬಿಟ್ಟ ದಾನಪತ್ರ ಅದು. ಉತ್ಸವದ ದಿನ ಮೂರ್ತಿಗಳು ಗುಡಿಯಿಂದ ಹೊರಟು ಯಾವ ಊರಬಾಗಿಲಲ್ಲಿ ಒಳಬಂದು ಯಾವುದರಲ್ಲಿ ಹೊರಹೋಗಬೇಕೆಂದು ಅದರಲ್ಲಿತ್ತು. ವುಡ್ ಆ ಬಾಗಿಲು ಹುಡುಕಿ, ಅದರಿಂದ ಹೊರಟ ಹಾಸುಗಲ್ಲಿನ ದಾರಿ ಹಿಡಿದು ಹೋದ. 1869ರ ಡಿಸೆಂಬರ್ 31ರಂದು ಗುಡಿಯ ನೆಲ ಗುದ್ದಲಿಗೆ ತಾಗಿತು, ಸುಮಾರು ಇಪ್ಪತ್ತು ಅಡಿ ಹೂಳಿನ ಕೆಳಗೆ. ಕೊಟ್ಟೂರು ಬಸವೇಶ್ವರನ ತೇರಿನ ದಾರಿ ತಿಳಿದವರು ತೇರು ಹೊರಟ ಗುಡಿ ಹುಡುಕಿದ ಹಾಗೆ ಎಂದು ಹೆಂಡತಿ ಒಂದೇ ಮಾತಲ್ಲಿ ಹೇಳಿದರು.

ಇಪ್ಪತ್ತು ಅಡಿ ಹೂಳು! ಕೆರೆಯ ಮನುಷ್ಯನ ತಲೆಯಲ್ಲಿ ಲೆಕ್ಕ ಓಡದೆ ಇರುತ್ತದೆಯೇ? ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗಿನ ಲೆಕ್ಕ 105.788, ಉಳಿದದ್ದೆಲ್ಲ ಹೂಳಿನ ಪಾಲು. ಕೂಡ್ಲಿಗಿ ತಾಲ್ಲೂಕಿನ ಕೆರೆಗಳಿಗೆ ಅದೇ ತುಂಗಭದ್ರೆಯಿಂದ ನೀರು ತುಂಬಿಸುವ ಯೋಜನೆ ಬಂದಿದೆ. 2021ರಲ್ಲಿ ಆರು ತಾಲ್ಲೂಕು ಸೇರಿ ವಿಜಯನಗರ ಜಿಲ್ಲೆಯೂ ಆಯಿತು. ಆದರೆ ಕೆರೆಯಲ್ಲಿ ನೀರು ನಿಲ್ಲಲು ಮೊದಲು ಗೋಡು ಹೊರಬೀಳಬೇಕು. ಒಂದು ಸಮಾಧಾನವೆಂದರೆ ಈ ಸೀಮೆಯ ರೈತ ಗೋಡನ್ನು ಕಸವೆಂದು ಕಾಣುವುದಿಲ್ಲ. ಮಸಾರಿ ಹೊಲಕ್ಕೆ ಎರಡು ಬೇಸಿಗೆ ಗೋಡು ಹೊಡೆದರೆ ಶೇಂಗಾ, ಜೋಳ ಮೇಲೆದ್ದು ನಿಲ್ಲುತ್ತದೆ. ಎಫೆಸಸ್ಸಿನ ಬಂದರನ್ನು ನುಂಗಿದ ಮಣ್ಣಿನಲ್ಲಿ ಈಗ ಬೆಳೆಯುತ್ತಿರುವ ಪೀಚ್, ಕಿತ್ತಳೆ, ಹತ್ತಿಯನ್ನು ಕಣ್ಣಾರೆ ಕಂಡು ಬಂದವರಿಗೆ, ಊರು ಹಾಳಾಯಿತೆಂದು ಒಂದೇ ಸಮನೆ ಮರುಗುವುದು ಕಷ್ಟವಾಗುತ್ತದೆ.

ಹಡಗನ್ನು ಹೊತ್ತಿಗೆ ಸರಿಯಾಗಿ ಹಿಡಿದರು. ಜಮಖಾನೆ ಅಂಗಡಿಯಲ್ಲಿ ತಡವಾದ ಪ್ರವಾಸದ ಬಸ್ಸುಗಳಿಗೆ ಹಡಗು ಕಾಯಿತು.

ಊರಿಗೆ ಬಂದ ಮೇಲೆ ಬಸ್ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಈ ಕಥೆಗೆ ಒಳ್ಳೆಯ ಕೇಳುಗರು ಸಿಕ್ಕರು. ಗ್ರಂಥಾಲಯ, ಚಕ್ರವರ್ತಿ, ಏಳು ಅದ್ಭುತ ಎಲ್ಲವನ್ನೂ ಹೂಂಗುಟ್ಟಿ ಕೇಳಿದರು. ಗುಡಿಯ ಮೇಲಿದ್ದ ಇಪ್ಪತ್ತು ಅಡಿ ಗೋಡಿನ ಮಾತು ಬಂದಾಗ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ಒಬ್ಬ ಲೋಟ ಕೆಳಗಿಟ್ಟ.

“ಸಾಹೇಬ್ರೇ, ಉಪ್ಪಿನ ಮಣ್ಣಲ್ಲೇನ್ರೀ ಅದು? ಕಡ್ಲಿಂದು ಅಂದ್ರೆ ಹೊಲಕ್ಕೆ ಬರಲ್ಲ.”

“ಕಡ್ಲಿಂದಲ್ಲಪ್ಪ, ಹೊಳೆ ತಂದು ಹಾಕಿದ್ದು. ಸಿಹಿ ಮಣ್ಣು.”

“ಹಂಗಾದ್ರೆ ಅಳತೆ ಹೇಳ್ರಿ.”

ಓವರ್ಸಿಯರ್ ಹೇಳಿದರು: ನಾನೂರಿಪ್ಪತ್ತೈದು, ಇನ್ನೂರಿಪ್ಪತ್ತೈದು, ಇಪ್ಪತ್ತು. ಅವನು ಫೋನಿನಲ್ಲಿ ಗುಣಿಸಿದ. ಒಂದು ಟ್ರೈಲರಿಗೆ ಒಂದು ಬ್ರಾಸ್, ಅಂದರೆ ನೂರು ಘನ ಅಡಿ. ಹತ್ತೊಂಬತ್ತು ಸಾವಿರದ ನೂರ ಇಪ್ಪತ್ತೈದು ಟ್ರಿಪ್ಪು. ಎಕರೆಗೆ ನಲವತ್ತು ಟ್ರಿಪ್ಪು ಹೊಡೆದರೆ ನಾನೂರ ಎಪ್ಪತ್ತೆಂಟು ಎಕರೆ. ನಲವತ್ತು ಸಾಲದು, ಮಸಾರಿಗೆ ಅರವತ್ತಾದರೂ ಬೇಕೆಂದು ಇನ್ನೊಬ್ಬ ತಗಾದೆ ತೆಗೆದ. ಅಷ್ಟು ಮಣ್ಣನ್ನು ಆ ವುಡ್ ಎಂಬ ಇಂಗ್ಲಿಷಿನವನು ಎಲ್ಲಿ ಹಾಕಿಸಿದ, ಯಾರಿಗೆ ಕೊಟ್ಟ, ಟ್ರಿಪ್ಪಿಗೆ ಎಷ್ಟು ಹಿಡಿದ ಎಂದು ಮೂರನೆಯವ ಕೇಳತೊಡಗಿದ.